ಜಠರದರ್ಶಿ ಕಂಡ ಕಲೆ

ಧಾರವಾಡದ ಆಸ್ಪತ್ರೆಯೊಂದರಲ್ಲಿ ಜಠರದರ್ಶಿ ಸದ್ದಿಲ್ಲದೆ ಪದ್ಮಾಬಾಯಿಯ ಹೊಟ್ಟೆಯ ಮೇಲೆ ಹಾದುಹೋಯಿತು. ಕೊಳವೆ ನುಂಗುವ ಕಷ್ಟ ಈಗಿಲ್ಲ. ಅಂಗೈಯಗಲದ ಫಲಕ ಸೀರೆಯ ಮೇಲಿಂದಲೇ ಜಠರದ ಒಳಗೋಡೆಯನ್ನು ಪರದೆಗೆ ತರುತ್ತಿತ್ತು. ಆ ಗೋಡೆಯ ಮೇಲೊಂದು ಕಪ್ಪು ಕಲೆ.

ಪದ್ಮಾಬಾಯಿ ತಲೆಯೆತ್ತಿ ಪರದೆಯನ್ನೇ ನೋಡಿದಳು. ತನ್ನ ಪ್ರಾಣಕ್ಕಿಂತ ನಾದಿನಿ ವೇಣೂಬಾಯಿಯ ಚಿಂತೆಯೇ ಆಕೆಗೆ ದೊಡ್ಡದು. ಎರಡೂ ಮೂತ್ರಪಿಂಡ ಕೆಟ್ಟ ನಾದಿನಿಗೆ ತನ್ನದೊಂದನ್ನು ಕೊಡಲು ಹೊರಟವಳು ಆಕೆ; ಅದಕ್ಕೆ ಮುಂಚಿನ ತಪಾಸಣೆ ಇದು. ದಾನಿಗೇ ಕ್ಯಾನ್ಸರ್ ಎಂದಾದರೆ ಎಲ್ಲವೂ ಮಣ್ಣುಪಾಲು.

"ಗಂಟೇನ್ರಿ ಡಾಕ್ಟರ? ಮುಚ್ಚಿಡಬ್ಯಾಡ್ರಿ."

ಯಂತ್ರವನ್ನು ರೂಪಿಸಿದ ವಿಜ್ಞಾನಿ ನಫೀಸಾ ಸೌದಾಗರ ಗಡಿಬಿಡಿ ಮಾಡಲಿಲ್ಲ. "ಹಳೇ ಯಂತ್ರ ಕಲೆ ಕಂಡ ಕೂಡ್ಲೆ ಕ್ಯಾನ್ಸರ್ ಅಂತ ಕೂಗ್ತಿತ್ತು. ಇಲ್ಲದ ರೋಗಕ್ಕ ಮಂದಿ ನಿದ್ದಿ ಕಳ್ಕೋತಿದ್ರು. ಅದಕ್ಕ ಇದಕ್ಕ ತಾಳ್ಮಿ ಕಲಿಸೀವಿ. ನೀರು ಕುಡದು ಎಡಮಗ್ಗಲಿಗೆ ಹೊರಳ್ರಿ. ಗಂಟಾಗಿದ್ರ ಗೋಡಿ ಬಿಟ್ಟು ಕದಲೂದಿಲ್ಲ."

ಪದ್ಮಾಬಾಯಿ ನೀರು ಕುಡಿದು, ದೇವರ ಹೆಸರು ಹೇಳುತ್ತ ಹೊರಳಿದಳು. ಕಲೆ ಕದಲಿತು! ಮಡಿಕೆ ಬಿಚ್ಚಿಕೊಂಡು ನೀರಿನಲ್ಲಿ ತೇಲಿತು.

"ಎಲಿ ಇದ್ದಂಗ ಐತಲ್ರಿ! ಏನು ತಿಂದು ಬಂದೀರಿ?"

"ಏನೂ ಇಲ್ರಿ. ವೇಣೂ ಪೂಜಾ ಮಾಡಿ ತುಳಸಿ ಕೊಟ್ಟಳು, ಅಷ್ಟ. ತುಳಸಿಗೆ ಹಲ್ಲು ತಾಗಿಸಬಾರದು ನೋಡ್ರಿ, ಹಂಗ ನುಂಗಿದೆ. ಪ್ರಸಾದ ತಿನ್ನೂದರಾಗ ಬರ್ತದೇನ್ರಿ?"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಹೊರಗೆ ಕಾಯುತ್ತಿದ್ದ ವೇಣೂಬಾಯಿಗೆ, ಖುಷಿಯ ಭರದಲ್ಲಿ, "ಕಲೆ ಇತ್ತು, ಈಗ ಹೋತು" ಎಂದಷ್ಟೇ ಹೇಳಿದಳು ಪದ್ಮಾಬಾಯಿ.

"ನಾ ಹೇಳಿರಲಿಲ್ಲೇನು ವೈನಿ? ತುಳಸಿ ಮುಟ್ಟಿದ ಕೂಡ್ಲೆ ಗಂಟು ಕರಗೇದ!"

ಬೆಂಚಿನ ಮೇಲಿದ್ದವರೆಲ್ಲ ಕಿವಿ ನಿಮಿರಿಸಿದರು. ನಿಜ ಹೇಳಲು ಪದ್ಮಾಬಾಯಿ ಬಾಯಿ ತೆರೆದಳು. ಆದರೆ ನಾದಿನಿಯ ಬಾಡಿದ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಬಂದಿತ್ತು. ಆಕೆ ನಾದಿನಿಯ ಕೈ ಹಿಡಿದು ಮನೆಯತ್ತ ನಡೆದಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ತಿಂಗಳೊಪ್ಪತ್ತಿನಲ್ಲಿ ನಫೀಸಾರ ಫೋನು ಬಂತು.

"ಬಾಯಾರ, ಇಲ್ಲಿಗೆ ಬರೋರ ಹೊಟ್ಯಾಗೆಲ್ಲಾ ಕಪ್ಪು ಕಲೆ! ಜಾತಿ ಮತ ಅನ್ನದ ಎಲ್ಲಾರೂ ತುಳಸಿ ನುಂಗೇ ಬರಾಕತ್ತಾರ. ನಿಮ್ಮ ನಾದಿನಿಗೆ ಸ್ವಲ್ಪ ತಿಳಿಸಿ ಹೇಳ್ರಿ."

ಪದ್ಮಾಬಾಯಿ ಹಿತ್ತಲ ಕಡೆ ನೋಡಿದಳು. ವೇಣೂಬಾಯಿ ಯಾರಿಗೋ ತುಳಸಿ ಕಿತ್ತು ಕೊಡುತ್ತ, ಬಾಯಿ ತುಂಬ ಮಾತಾಡುತ್ತ ನಿಂತಿದ್ದಳು.

"ಹೇಳ್ತೀನ್ರಿ ಡಾಕ್ಟರ. ಅಕಿ ಪೂರ್ತಿ ಆರಾಮಾಗಲಿ. ಅಲ್ಲೀತನಕ ಎಲ್ಲಾರಿಗೂ ನೀರು ಕುಡಸ್ರಿ."