ರೇಣಿಯ ರೊಟ್ಟಿ ಹಿಟ್ಟು

“ಯವ್ವಾ, ಖರೇ ಹೇಳು. ರೇಣಿಗೆ ಕದ್ದು ಗೋದಿ ಹುಗ್ಗಿ ತಿನಿಸೀಯೋ ಇಲ್ಲೋ?”

ಅಪ್ಪ ಬಸಗೊಂಡಪ್ಪನ ದನಿ ಜೋರಾಗಿತ್ತು. ಆಯಿ ಬೋರವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

“ನನ್ನ ಮೊಮ್ಮಗಳಿಗೆ ನಾ ವಿಷ ಹಾಕ್ತೀನೇನೋ, ಬಸು?”

ಮೂಲೆಯಲ್ಲಿ ಹೊಟ್ಟೆ ಹಿಡಿದು ಕೂತಿದ್ದ ರೇಣಿ, “ಯಪ್ಪಾ, ಆಯಿ ಏನೂ ಕೊಟ್ಟಿಲ್ಲ” ಅಂದಳು.

“ನೀ ಸುಮ್ಮಕಿರು. ಆಯಿನ್ನ ಎಂದರ ಬಿಟ್ಟುಕೊಟ್ಟೀಯೇನು ನೀ?”

ಅಪ್ಪನ ಸಿಟ್ಟಿಗೂ ಕಾರಣವಿತ್ತು. ರೇಣಿಗೆ ಬಹಳ ದಿನದ ಹೊಟ್ಟೆಯ ಜಡ್ಡು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ! ಶಾಲೆಯ ಮುಖ ಕಾಣದೆ ತಿಂಗಳುಗಳೇ ಆಗಿದ್ದವು. ಆಯಿ ಪಾಪ, ಜಡ್ಡಿನ ಕೂಸಿಗೆ ಜೋಳ ಭಾರ ಎಂದು ಹಾಲಿನಲ್ಲಿ ಚಪಾತಿ ನೆನೆಸಿ ತಿನ್ನಿಸುತ್ತಿದ್ದಳು. ಕೊನೆಗೆ ಮಿರಜಿನ ಡಾಕ್ಟರು ಹೇಳಿದ್ದರು: “ಇದು ಅಪರೂಪದ ಜಡ್ಡು. ಈಕಿ ಹೊಟ್ಟಿಗೆ ಗೋದಿನ ವೈರಿ. ಒಂದು ಚೂರೂ ಬ್ಯಾಡ. ಜ್ವಾಳದ ರೊಟ್ಟಿ, ಅನ್ನ ಕೊಡ್ರಿ.”

ಆಮೇಲೆ ಎಷ್ಟು ಚಂದ ಸುಧಾರಿಸಿದ್ದಳು! ಈಗ ಮತ್ತೆ ಅದೇ ನೋವು.

ಆ ದಿನ ಆಯಿ ಉಣ್ಣಲೇ ಇಲ್ಲ. ರೇಣಿಗೆ ಹೊಟ್ಟೆನೋವಿಗಿಂತ ಅದೇ ದೊಡ್ಡ ಸಂಕಟವಾಯಿತು.

ಮರುದಿನ ರೇಣಿ ತನ್ನ ಅವ್ವನ ಜೊತೆ ತಮ್ಮೂರು ತಿಕೋಟಾದ ಡೀಸೆಲ್ ಗಿರಣಿಗೆ ಹೋದಳು. ಲಗ್ನದ ದಿನಗಳು; ಎಂದೂ ಜೋಳವೇ ಇರುತ್ತಿದ್ದ ಎಲ್ಲರ ಬುಟ್ಟಿಯಲ್ಲೂ ಈಗ ಹೋಳಿಗೆಯ ಗೋದಿ. ಸರತಿಯಲ್ಲಿ ಮುಂದಿದ್ದವರ ಗೋದಿ ಮುಗಿಯುತ್ತಲೇ ಗಿರಣಿಯ ಮಲಂಗಸಾಬ ಇವರ ಜೋಳ ಸುರಿದ. ಡಬ್ಬಿಗೆ ಬೀಳುತ್ತಿದ್ದ ಬಿಸಿ ಹಿಟ್ಟಿಗೆ ರೇಣಿ ಕೈಯೊಡ್ಡಿದಳು. ಬೆಳ್ಳಗಿರಬೇಕಾದ ಹಿಟ್ಟಿನಲ್ಲಿ ಕೆಂಪು ತೌಡು!

“ಯವ್ವಾ, ಇದರಾಗ ಗೋದಿ ಐತಿ!”

“ಅಯ್ಯ, ಮದಲ ಬೀಳೂದು ನಮಗಿಂತ ಮುಂದ ಬೀಸಿದವ್ರ ಹಿಟ್ಟ. ಎಲ್ಲಾರದೂ ಹಂಗ...” ಅವ್ವನ ನಗು ಅರ್ಧಕ್ಕೇ ನಿಂತಿತು.

ರೇಣಿ ನೋವು ಮರೆತು ಮನೆಗೆ ಓಡಿದಳು. “ಯಪ್ಪಾ, ಕಳ್ಳ ಸಿಕ್ಕ! ಆಯಿ ಅಲ್ಲ, ಗಿರಣಿ! ನಮ್ಮ ಹಿಟ್ಟಿನಾಗ ಗೋದಿ ಕೂಡಾಕತ್ತೈತಿ!”

ಅಪ್ಪ ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತಾನೇ ಹೊತ್ತು ತಂದು ತಿಕ್ಕಿ ತಿಕ್ಕಿ ತೊಳೆದ.

“ಯವ್ವಾ, ತಪ್ಪಾತು. ಉಣ್ಣು ಬಾ.”

“ಉಣ್ತೀನಿ ತಗೋ. ಇನ್ನ ನನ್ನ ಕೂಸಿನ ಹಿಟ್ಟು ನಾನ ಬೀಸ್ತೀನಿ” ಅಂದಳು ಆಯಿ, ಕಣ್ಣೊರೆಸಿಕೊಂಡು.

ಮಳೆಗಾಲದ ಹೊತ್ತಿಗೆ ರೇಣಿಯ ಹೊಟ್ಟೆ ಇಳಿಯಿತು, ಕೆನ್ನೆ ತುಂಬಿತು. ಗೆಳತಿ ಹಸೀನಾಳ ಜೊತೆ ಶಾಲೆಗೆ ಓಡತೊಡಗಿದಳು. ಮಿರಜಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ ನಕ್ಕರು.

“ಶಾಬ್ಬಾಸ್! ಜಡ್ಡು ಮಲಗೇತಿ. ಗೋದಿ ಕೊಟ್ಟು ಎಬ್ಬಿಸಬ್ಯಾಡ್ರಿ, ಅಷ್ಟ. ಇಷ್ಟು ಜ್ವಾಕಿ ಯಾರು ಮಾಡಿದ್ರಿ?”

ಆಯಿ ನಾಚಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಬಸ್ಸಿನಲ್ಲಿ ರೇಣಿ ಸೆರಗಿನೊಳಗೆ ಕೈ ತೂರಿಸಿ ಆಯಿಯ ಅಂಗೈ ಮುಟ್ಟಿದಳು. ಬೀಸಿ ಬೀಸಿ ಅದು ಗಂಟುಗಟ್ಟಿತ್ತು. ತಿಕೋಟಾ ಬರುವವರೆಗೂ ರೇಣಿ ಆ ಕೈ ಬಿಡಲಿಲ್ಲ.

ಇಳಿಯುವಾಗ ಮೆಲ್ಲಗೆ ಅಂದಳು, “ಆಯಿ, ನಾಳಿಂದ ಬೀಸುಕಲ್ಲಿನ ಗೂಟ ನಾನೂ ಹಿಡೀತೀನಿ.”