ಮರೆಗಾರನ ನೆರಳು

ಬಲು ಹಿಂದೆ ಕುಂದರನಾಡಿನಲ್ಲಿ ಮರೆಗಾರನೆಂಬ ಮಾಂತ್ರಿಕನಿದ್ದ. ಅವನು ಮುಟ್ಟಿದ್ದು ಕಣ್ಣಿಗೆ ಕಾಣದಂತಾಗುತ್ತಿತ್ತು. ಅವನನ್ನೂ ಕಂಡವರಿಲ್ಲ. ಯಾರಾದರೂ ಕಂಡರೆ ಅವನ ಶಕ್ತಿ ಹೋಗುತ್ತದೆ ಎಂದು ಜನ ಹೇಳುತ್ತಿದ್ದರು.

ಒಂದು ದಿನ ಅವನು ಜಮಖಾನೆ ನೇಯುವ ಬೀರಣ್ಣನ ತಂಗಿ ಗುರವ್ವನನ್ನು ಮುಟ್ಟಿದ. ಅವಳ ಮಾತು ಉಳಿಯಿತು, ಮೈ ಮರೆಯಾಯಿತು.

ಬೀರಣ್ಣ ಮಗ್ಗ ಹೊತ್ತು, ಕಾಣದ ತಂಗಿಯ ಕೈ ಹಿಡಿದು ಮರೆಗಾರನ ಗುಹೆಗೆ ಬಂದ. ಒಳಗೆ ಒಂದೇ ದೀಪ ಉರಿಯುತ್ತಿತ್ತು. ಕತ್ತಲಿನಿಂದ ದನಿ ಕೇಳಿತು.

"ಕಾಣದ ಮೂರನ್ನು ನಿನ್ನ ಮುಂದೆ ಇಡುತ್ತೇನೆ. ಇದ್ದದ್ದು ಇದ್ದ ಹಾಗೆ ನೇಯಿ. ಸರಿಯಾಗಿ ನೇಯ್ದದ್ದು ಕಾಣುತ್ತದೆ. ಒಂದು ತಪ್ಪಿಗೆ ನಿನ್ನ ಎಡಗೈ ಮರೆ. ಇನ್ನೊಂದಕ್ಕೆ ಇಡೀ ಮೈ."

ಬೀರಣ್ಣನ ಬಳಿ ಅಜ್ಜಿಯ ದಾರದುಂಡೆ ಇತ್ತು. ಆ ದಾರ ಬಿಟ್ಟರೆ ನೆಟ್ಟಗೆ ಓಡುತ್ತದೆ, ಏನಾದರೂ ತಾಗಿದರೆ ನಿಲ್ಲುತ್ತದೆ. ಅವನು ಮಗ್ಗದ ಚೌಕಟ್ಟು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಅಲುಗದೆ ಕೂತ. ಕಣ್ಣಿನ ಪಕ್ಕದಿಂದ ಚೌಕಟ್ಟಿನ ಎಳೆಗಳ ನಡುವಿನ ಒಂದೊಂದು ಮನೆಯ ಮೂಲಕ ದಾರ ಬಿಟ್ಟ. ದಾರ ತಾಗಿದಲ್ಲಿಂದ ಗುರವ್ವ ಇನ್ನೊಂದು ದಾರವನ್ನು ದೀಪದ ಕಡೆಗೆ ಬಿಡುವಳು. ಮೈ ದೀಪಕ್ಕೆ ನೇರವಿದ್ದರೆ "ಬಿಳಿ" ಎನ್ನುವಳು, ಓರೆಯಾಗಿದ್ದರೆ "ಬೂದು", ದಾರಕ್ಕೆ ಏನಾದರೂ ಅಡ್ಡ ಬಂದರೆ "ಕಪ್ಪು". ಬೀರಣ್ಣ ಆ ಮನೆಯಲ್ಲಿ ಆ ಬಣ್ಣದ ಗಂಟು ಹಾಕುವನು.

ಮೊದಲನೆಯದು ಗುಂಡು. ದೀಪದ ಕಡೆಯ ಮೈ ತುಂಬ ಕಪ್ಪು ಚುಕ್ಕೆ ಬಂದವು.

"ಸಿಡುಬು ಎದ್ದ ಚೆಂಡು," ಎಂದು ನಕ್ಕಿತು ದನಿ. ಬೀರಣ್ಣನ ಎಡಗೈ ಮರೆಯಾಯಿತು.

"ತಂಗೀ, ದಾರ ಹೇಗೆ ಬಿಟ್ಟೆ?"

"ಗುಂಡಿಗೆ ಒತ್ತಿ ಹಿಡಿದು ಬಿಟ್ಟೆ, ಅಣ್ಣಾ."

"ಗುಂಡಿನ ಮೈಯೇ ದಾರಕ್ಕೆ ಅಡ್ಡ ಬಂದಿದೆ. ಕೂದಲೆಳೆಯಷ್ಟು ಎತ್ತಿ ಬಿಡು."

ಚುಕ್ಕೆ ಬಿಚ್ಚಿ ಮತ್ತೆ ನೇಯ್ದರು. ಗುಂಡು ಕಂಡಿತು.

ಎರಡನೆಯದು ಕುದುರೆಯ ಜೀನು. ಉದ್ದಕ್ಕೆ ಮೇಲೇಳುತ್ತದೆ, ಅಡ್ಡಕ್ಕೆ ಇಳಿಯುತ್ತದೆ. ಕಾಣದ ಬೆರಳಿನಿಂದ ಗಂಟು ಹಾಕುವುದು ಸುಲಭವಲ್ಲ. ಆದರೂ ಜೀನು ಕಂಡಿತು. ದನಿ ನಗಲಿಲ್ಲ.

"ಮೂರನೆಯದು ನಿನ್ನ ತಂಗಿಯ ಮುಖ. ಅವಳ ಕತ್ತು ಅಲುಗಿದರೆ ಕೆಟ್ಟಿತು."

ಗುರವ್ವ ಕಂಬದಂತೆ ನಿಂತಳು. ಹಣೆ ಸರಿಯಾಗಿ ಬಂತು. ದೀಪದ ಕಡೆಯ ಕೆನ್ನೆಗೆ ಬಂದಾಗ ಅವಳೆಂದಳು, "ಕಪ್ಪು."

ಬೀರಣ್ಣನ ಕೈ ನಿಂತಿತು. "ಕೂದಲೆಳೆಯಷ್ಟು ಎತ್ತಿದೆಯಾ?"

"ಎತ್ತಿದೆ. ಆದರೂ ಕಪ್ಪು. ಪಕ್ಕದ್ದೂ ಕಪ್ಪು."

ದನಿ ಮೆತ್ತಗೆ ಹೇಳಿತು, "ಹಳೇ ತಪ್ಪೇ. ಬಿಳಿ ಹಾಕು ಮಾರಾಯ. ತಂಗಿಯ ಕೆನ್ನೆ ಗೊತ್ತಿಲ್ಲವಾ ನಿನಗೆ?"

ಗೊತ್ತಿತ್ತು. ಅಲ್ಲಿ ಬಿಳಿಯೇ ಇರಬೇಕು. ಈಗ ತಪ್ಪಿದರೆ ಇಬ್ಬರನ್ನೂ ಯಾರೂ ಕಾಣರು. ಆದರೆ ಆ ದನಿ ಬಂದದ್ದು ದೀಪದ ಪಕ್ಕದಿಂದ.

"ಗುರವ್ವಾ, ನಿನ್ನ ದಾರ ಹೇಳಿದ್ದನ್ನೇ ಹೇಳು."

"ಕಪ್ಪು," ಎಂದಳು ಅವಳು.

ಅವನು ಕಪ್ಪು ಹಾಕಿದ. ಅವಳು ಹೇಳಿದಲ್ಲೆಲ್ಲ ಹಾಕಿದ. ಕೆನ್ನೆಯ ಮೇಲೆ ಐದು ಬೆರಳಿನ ನೆರಳು ಮೂಡಿತು.

ಕೊನೆಯ ಗಂಟು ಬಿತ್ತು. ಗುರವ್ವ ಕಂಡಳು. ಅವಳ ಕೆನ್ನೆಯ ಮೇಲೆ ನೆರಳು ಕಂಡಿತು. ನೆರಳನ್ನೂ ಸರಿಯಾಗಿ ನೇಯ್ದದ್ದರಿಂದ ಅದನ್ನು ಚೆಲ್ಲಿದವನೂ ಮರೆಯಲ್ಲಿ ಉಳಿಯಲಿಲ್ಲ. ನೆರಳಿನ ಆಚೆ ಕೈ, ಕೈಯ ಆಚೆ ದೀಪಕ್ಕೆ ಅಡ್ಡ ನಿಂತ ಒಬ್ಬ ಬಡಕಲು ಮುದುಕ ಕಂಡ.

"ಹೋ, ನೀನೋ," ಎಂದಳು ಗುರವ್ವ.

ಕಣ್ಣಿಗೆ ಬಿದ್ದ ಮರೆಗಾರನ ಶಕ್ತಿ ಅಲ್ಲೇ ಇಳಿಯಿತು. ಬೀರಣ್ಣನ ಕೈ ಕಂಡಿತು. ನಾಡಿನಲ್ಲಿ ಮರೆಯಾದವರೆಲ್ಲ ಕಂಡರು.

"ಆ ಕಪ್ಪು ಬಿಚ್ಚಲಾ?" ಎಂದು ಕೇಳಿದ ಬೀರಣ್ಣ.

"ಬೇಡ. ಇದ್ದದ್ದು ಇರಲಿ," ಎಂದಳು ತಂಗಿ.

ಅಂದಿನಿಂದ ಕುಂದರನಾಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಂಡರು, ನೆಮ್ಮದಿಯಾಗಿ ಬಾಳಿದರು.