ರಮ್ಯಾಳ ಹಳೆ ಫ್ರಾಕುಗಳ ಕೌದಿ

"ಮಗೂನ ರೆಡಿ ಮಾಡಿ. ಕರ್ಕೊಂಡೋಗಕ್ ಬಂದಿದೀನಿ."

ಬಾಗಿಲಲ್ಲಿ ನಿಂತವನನ್ನು ಕಂಡು ರಾಧಾಮಣಿಯ ಮೈಯೆಲ್ಲ ಉರಿದುಹೋಯಿತು.

ಜಯಕುಮಾರ್! ತೀರಿಹೋದ ಅಕ್ಕನ ಮೈದುನ. ಬೈರಮಂಗಲದವನು. ಹಾರೋಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಮೆಕ್ಯಾನಿಕ್.

ಅಕ್ಕ ಹೆರಿಗೆಯಲ್ಲಿ ಹೋದಾಗ ಹಸುಗೂಸು ರಮ್ಯಾಳನ್ನು ತಮ್ಮೂರು ಮರಳವಾಡಿಗೆ ಎತ್ತಿಕೊಂಡು ಬಂದವಳು ರಾಧಾಮಣಿ. ಐದು ವರ್ಷ ಸಾಕಿದ್ದಳು. ಈಗ ಭಾವ ಮತ್ತೆ ಮದುವೆಯಾಗಿದ್ದ. ಮಗು ಬೇಕಂತೆ!

"ಐದು ವರ್ಸ ಒಬ್ರೂ ಇತ್ತ ತಿರುಗಿ ನೋಡ್ಲಿಲ್ಲ. ಈಗ ಯಾವ ಮುಖ ಇಟ್ಕೊಂಡ್ ಬಂದ್ರಿ?"

"ಯಾರ್ ನೋಡ್ಲಿಲ್ಲ? ಮಗೂನ ನಮ್ ಕಣ್ಣಿಗ್ ಬೀಳ್ದಂಗೆ ಬಚ್ಚಿಟ್ಟೋರು ನೀವು!"

"ಬಾಯಿಗ್ ಬಂದಂಗೆ ಮಾತಾಡ್ಬೇಡಿ!"

ಅವಳ ತಾಯಿ ದೊಡ್ಡಲಕ್ಷ್ಮಮ್ಮ ಅಡುಗೆಮನೆಗೆ ಸರಿದುಬಿಟ್ಟಳು.

ರಾಧಾಮಣಿ ತುಟಿ ಕಚ್ಚಿದಳು. ಮಗುವಿನ ಅಪ್ಪನೇ ಕೇಳುವಾಗ ತಾನು ಯಾರು ತಡೆಯೋಕೆ...

"ಮುಂದಿನ್ ಭಾನುವಾರ ಬನ್ನಿ. ಅವ್ಳಿಗೆ ಚಿಕ್ಕದಾಗಿರೋ ಬಟ್ಟೆನೆಲ್ಲ ಸೇರ್ಸಿ ಒಂದು ಕೌದಿ ಹೊಲ್ಕೊಡ್ತೀನಿ. ನನ್ನ ಬುಟ್ಟು ಒಬ್ಳೇ ಮಲಗ್ಬೇಕಲ್ಲ..."

"ಒಂದೇ ವಾರ!" ಅವನು ಬೆನ್ನು ತಿರುಗಿಸಿದ.

ಭಾನುವಾರ ಬೆಳಿಗ್ಗೆಯೇ ಬಂದ. ಜಗಲಿಯ ಮೇಲೆ ಕೌದಿ ಹರಡಿತ್ತು. ಒಂದು ಮೂಲೆಯ ಹೊಲಿಗೆ ಬಾಕಿ.

"ಇನ್ನೂ ಆಗಿಲ್ವಾ? ಬೇಕಂತಾನೇ ತಡ ಮಾಡ್ತಿದೀರಾ?"

"ಕಣ್ಣು ಕಾಣಲ್ವಾ? ಕೈ ನಿಂತೇ ಇಲ್ಲ!"

ರಮ್ಯಾ ಕೌದಿಯ ಮೇಲೆ ಅಂಗಾತ ಬಿದ್ದುಕೊಂಡು, ಬಾತುಕೋಳಿಯ ಚಿತ್ರವಿದ್ದ ಹಳದಿ ತುಂಡನ್ನು ತಟ್ಟಿದಳು. "ಇದು ನಾನು ಪಾಪು ಆಗಿದ್ದಾಗಿಂದು!"

ಜಯಕುಮಾರ್ ಬಗ್ಗಿ ನೋಡಿದ. ಮುಖದ ಬಣ್ಣವೇ ಬದಲಾಯಿತು.

"ಇದು... ನಾನ್ ತಂದಿದ್ದು."

"ಸುಳ್ಳು! ನಮ್ಮವ್ವ ಕನಕಪುರದ ಸಂತೇಲಿ ತಂದಿದ್ದು."

"ಒಳಮಗ್ಗುಲು ನೋಡಿ. ನೀಲಿ ದಾರದಲ್ಲಿ 'ರ' ಅಂತ ಹೊಲ್ದಿರ್ತೀನಿ."

ರಾಧಾಮಣಿ ಹೊಲಿಯದೆ ಉಳಿದಿದ್ದ ಆ ಮೂಲೆಯನ್ನು ಮಗುಚಿದಳು. ನೀಲಿ 'ರ'! ಅಂಗಡಿಯವರ ಗುರುತೆಂದೇ ಇಷ್ಟು ದಿನ ತಿಳಿದಿದ್ದಳು.

"ಪ್ರತಿ ಯುಗಾದಿಗೂ ನಿಮ್ಮವ್ವನ ಕೈಗೆ ಕೊಟ್ಟೋಗ್ತಿದ್ದೆ. ಮಗೂನ ನೋಡ್ತೀನಿ ಅಂದ್ರೆ, ರಾಧಾ ಒಪ್ಪಲ್ಲ, ಮನೆ ಹತ್ರ ಬರ್ಬೇಡ ಅನ್ನೋರು."

"ಅವ್ವಾ?!"

ದೊಡ್ಡಲಕ್ಷ್ಮಮ್ಮ ಬಿಕ್ಕಿದಳು. "ಬಂದ್ರೆ ಕರ್ಕೊಂಡೋಗ್ಬುಡ್ತಾರೆ ಅಂತ ಭಯ ಕಣವ್ವ... ಮಗಳೂ ಹೋದ್ಳು. ಇವ್ಳೂ ಹೋದ್ರೆ ನಾ ಹೆಂಗಿರ್ಲಿ?"



"ಚಿಕ್ಕವ್ವನೂ ಬತ್ತಾಳಾ?" ರಮ್ಯಾ ಅವನನ್ನೇ ಕೇಳಿದಳು.

ಅವನು ಅವಳ ತಲೆ ಸವರಿ ಹೊರಟುಹೋದ. ಮಗುವನ್ನು ಜೊತೆಗೆ ಕರೆಯಲೇ ಇಲ್ಲ.

ಬುಧವಾರ ಸಂಜೆ ಮತ್ತೆ ಬಂದ.

"ಅಣ್ಣನ್ ಜೊತೆ ಜಗಳ ಆಡ್ಬುಟ್ ಬಂದೆ. ತುಂಬ ಕೂಗಾಡ್ದ. ಕೊನೆಗೆ ಒಪ್ದ. ಮಗು ಇಲ್ಲೇ ಇರ್ತಾಳೆ. ನೋಡ್ಬೇಕು ಅನ್ನುಸ್ದಾಗ ಅವ್ನೇ ಬತ್ತಾನೆ."

ರಾಧಾಮಣಿಯ ಎದೆಯ ಭಾರ ಒಮ್ಮೆಲೇ ಇಳಿಯಿತು. ಆದರೂ ದನಿಯಲ್ಲಿ ಬಿಸಿ ಆರಿರಲಿಲ್ಲ.

"ಹೇಳಿದ್ದಾಯ್ತಲ್ಲ, ಇನ್ನೇನು?"

"ಮೊದಲ್ನೇ ಫ್ರಾಕು ಮಗೂಗಂತಲೇ ತಂದೆ. ಆಮೇಲೊಂದಿನ ಅದನ್ನ ಹಾಕಿರೋ ಮಗೂನ ಎತ್ಕೊಂಡು ನೀವು ರಸ್ತೇಲಿ ನಿಂತಿದ್ರಿ... ಫ್ಯಾಕ್ಟ್ರಿ ಬಸ್ಸಿಂದ ನೋಡ್ದೆ. ಅವತ್ತಿಂದ ನಿಮ್ಮೇಲೆ ಸರಿಯಾಗಿ ಕೋಪ ಮಾಡ್ಕೊಳ್ಳಕ್ಕೂ ಆಗ್ಲಿಲ್ಲ."

"ಅದಕ್ಕೇನಾ ಬಂದು ಹಂಗ್ ಕಿರುಚಾಡಿದ್ದು?"

"ನೀವೇನ್ ಒಸಿ ಕಮ್ಮಿ ಕಿರುಚುದ್ರಾ?"

ಅವಳಿಗೆ ನಗು ಬಂತು. ತಡೆದುಕೊಂಡಳು.

"ನನ್ನ ಮದ್ವೆ ಆಯ್ತೀರಾ, ರಾಧಾ?"

"ರಮ್ಯನ್ನ ಬುಡಲ್ಲ. ಅವ್ವನ್ನೂ ಬುಡಲ್ಲ. ಈ ಮನೆ ಬುಟ್ಟು ನಾ ಎಲ್ಲೂ ಬರಲ್ಲ!"

"ಬರ್ಬೇಡಿ. ನಾನೇ ಬತ್ತೀನಿ."

ಅವಳ ಕಣ್ಣು ತುಂಬಿಬಂತು... ತಲೆ ತಗ್ಗಿಸಿ ಸೆರಗಿನಿಂದ ಒರೆಸಿಕೊಂಡಳು.

"ಮುದ್ದೆ ಆಗೈತೆ. ಉಂಡ್ಕೊಂಡ್ ಹೋಗಿ."

"ಹೋಗ್ಲೇಬೇಕಾ?"

"ಇವತ್ತು ಹೋಗಿ," ಎಂದು ಗದರಿದಳು ರಾಧಾಮಣಿ. ಆಮೇಲೆ ಮೆಲ್ಲಗೆ ಸೇರಿಸಿದಳು, "ಶುಕ್ರವಾರ ನಿಮ್ಮಮ್ಮನ್ನ ಕರ್ಕೊಂಡು ಬನ್ನಿ."